ಮೇವು ಬೇಡದ ಕುದುರೆ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಊರುಗಳಲ್ಲಿ ಜನರ ಅಡ್ಡಹೆಸರುಗಳನ್ನು ಸ್ವಲ್ಪ ಗಮನಿಸಿ ಕೇಳಿ. ಕಿಲ್ಲೇದಾರ, ಜಮಾದಾರ, ಶಿಲೇದಾರ, ಬಾರಗೀರ, ನಾಲಬಂದ... ಒಂದಿಲ್ಲೊಂದು ಕಿವಿಗೆ ಬೀಳುತ್ತದೆ. ಕಿಲ್ಲೇದಾರನೆಂದರೆ ಕೋಟೆ ಕಾಯುವವನು. ಶಿಲೇದಾರನೆಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ದಂಡಿಗೆ ಸೇರಿದವನು. ಬಾರಗೀರ ಸರಕಾರದ ಕುದುರೆ ಏರಿದವನು. ನಾಲಬಂದ ಆ ಕುದುರೆಗಳ ಗೊರಸಿಗೆ ನಾಲು ಬಡಿದವನು. ಇವುಗಳಲ್ಲಿ ಕೆಲವು ಹೆಸರು ಹಿಂದೂಗಳಲ್ಲೂ ಇವೆ, ಮುಸ್ಲಿಮರಲ್ಲೂ ಇವೆ. ದಂಡು ಹೋಯಿತು, ಕುದುರೆ ಹೋದವು, ಹೆಸರು ಉಳಿಯಿತು. ಯಾರ ದಂಡು ಎಂಬುದನ್ನು ಮಾತ್ರ ಆ ಹೆಸರುಗಳು ಹೇಳುವುದಿಲ್ಲ.

ನನ್ನ ತಾಯಿಯ ತವರಿನವರು ನಾಲಬಂದರು. ನಾನು ಕಂಡಾಗ ನಮ್ಮ ನಾನಾ ರೋಣದ ಸಂತೆಯ ದಿನ ಎತ್ತುಗಳಿಗೆ ನಾಲು ಬಡಿಯುತ್ತಿದ್ದರು. ಕುದುರೆ ಬರುತ್ತಿದ್ದದ್ದು ಅಪರೂಪ. ಬಂದರೆ ಟಾಂಗಾದ ಕುದುರೆ, ಇಲ್ಲವೇ ಮದುವೆಯ ಮೆರವಣಿಗೆಯದು. ನಾನಾ ಪ್ರಾಣಿಯ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು. ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮುಟ್ಟಿ, ಮೂಸಿ, "ಇದಕ್ಕ ಮೇವು ಕಮ್ಮಿ ಆಗೇತಿ" ಎಂದೋ, "ಇದನ್ನ ಮಳ್ಯಾಗ ಎರಿ ಹೊಲದಾಗ ಓಡಿಸೀರಿ" ಎಂದೋ ಹೇಳುತ್ತಿದ್ದರು. ಮಾಲೀಕ ಬೆರಗಾಗಿ ತಲೆ ಆಡಿಸುತ್ತಿದ್ದ. ಕುದುರೆಯ ಬಗ್ಗೆ ನನಗೆ ಗೊತ್ತಿರುವ ಅಲ್ಪಸ್ವಲ್ಪವೆಲ್ಲ ಹೀಗೆ ಕೆಳಗಿನಿಂದ, ಗೊರಸಿನಿಂದ ಕಲಿತದ್ದು.

ಈಗ ನಮ್ಮ ವಂಶದಲ್ಲಿ ಮತ್ತೆ ಕುದುರೆಗಳು ಬಂದಿವೆ. ಗಜೇಂದ್ರಗಡದಲ್ಲಿರುವ ನನ್ನ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ನೂರಾರು ಕುದುರೆಗಳಿವೆ. ಅವುಗಳ ಒಡೆಯ ಹತ್ತನೇ ತರಗತಿಯಲ್ಲಿ ಓದುವ ನನ್ನ ಅಳಿಯ. ಆಟದ ಹೆಸರು 'ಏಜ್ ಆಫ್ ಎಂಪೈರ್ಸ್'. ಅದರ ಎರಡನೇ ಭಾಗ 1999ರಲ್ಲಿ ಬಂತು. ಇಪ್ಪತ್ತು ವರ್ಷದ ನಂತರ, 2019ರಲ್ಲಿ ಅದನ್ನು ಹೊಸದಾಗಿ ತಿದ್ದಿ ಹೊರತಂದರು. ಹಳೆಯ ಕಾಲದ ರಾಜ್ಯಗಳನ್ನು ಕಟ್ಟುವುದು, ಹೊಲ ಮಾಡುವುದು, ಮರ ಕಡಿಯುವುದು, ಚಿನ್ನ ಅಗೆಯುವುದು, ದಂಡು ಕಟ್ಟಿ ಎದುರಾಳಿಯ ಊರು ಕೆಡವುವುದು ಇದರ ಸಾರ. ಮಕ್ಕಳು ಇಂಥ ಆಟ ಆಡಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟು ಆಗಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಆ ಆಟದ ಒಬ್ಬ ಕುದುರೆ ಸವಾರನಿಂದ ನಮ್ಮ ಊರಿನ ಮೂವರು ಹುಡುಗರ ನಡುವೆ ಎದ್ದ ಜಗಳವೇ ಇಲ್ಲಿಯ ವಿಷಯ.

ಆಟದಲ್ಲಿ ಸಾಮಾನ್ಯ ಸವಾರರಿದ್ದಾರೆ. 80 ಅಳತೆ ಆಹಾರ ಕೊಟ್ಟರೆ ಹಗುರ ಸವಾರನೊಬ್ಬ ಹುಟ್ಟುತ್ತಾನೆ. 60 ಆಹಾರ, 75 ಚಿನ್ನ ಕೊಟ್ಟರೆ ಕವಚ ತೊಟ್ಟವನು ಸಿಗುತ್ತಾನೆ. ಇವರೆಲ್ಲರ ಮೇಲೆ 'ಹೀರೋ' ಎಂಬ ಇನ್ನೊಂದು ಜಾತಿ ಇದೆ. ಅವನನ್ನು ಕೊಳ್ಳಲು ಬರುವುದಿಲ್ಲ. ಕಥೆಯೇ ಅವನನ್ನು ನಮ್ಮ ಕೈಗೆ ಕೊಡುತ್ತದೆ. ಅವನಿಗೆ ಹೆಸರಿದೆ, ಉಳಿದವರಿಗಿಂತ ಹೆಚ್ಚು ಜೀವ ಇದೆ, ಹೆಚ್ಚು ಬಲ ಇದೆ. ಎದುರಾಳಿಯ ಪಾದ್ರಿಗಳು ಮಂತ್ರ ಹಾಕಿ ಸಾಮಾನ್ಯ ಸವಾರನನ್ನು ತಮ್ಮ ಕಡೆ ಎಳೆದುಕೊಳ್ಳಬಹುದು, ಹೀರೋನನ್ನು ಎಳೆಯಲಾರರು.

"ಇವಗ ಎಷ್ಟ ಪೆಟ್ಟು ಬಿದ್ರೂ ಚಿಂತಿಲ್ಲ ಮಾಮು. ಒಂದೀಟ ದೂರ ನಿಲ್ಲಿಸಿದ್ರ ತಾನ ಆರಾಮ ಆಗ್ತಾನ" ಎಂದು ಅಳಿಯ ನನಗೆ ತೋರಿಸಿದ.

"ಕುದುರಿಗೆ ಏನ ಹಾಕ್ತೀ?" ಎಂದೆ.

"ಹುಟ್ಟಿಸುವಾಗ ಒಮ್ಮೆ ಕೊಟ್ಟದ್ದ ಅಷ್ಟ. ಆಮ್ಯಾಲೆ ಏನೂ ಬ್ಯಾಡ. ಹೀರೋಗಂತೂ ಅದೂ ಬ್ಯಾಡ."

ಅವನ ನೆಚ್ಚಿನ ಹೀರೋ ಕೋಟ್ಯಾನ್ ಖಾನ್. ಕರಾವಳಿಯ ಓದುಗರು ಈ ಹೆಸರು ನೋಡಿ ತಮ್ಮ ನೆರೆಮನೆಯವರನ್ನು ನೆನೆಯಬಾರದು. ಈ ಕೋಟ್ಯಾನ್ 13ನೇ ಶತಮಾನದ ಕುಮನ್-ಕಿಪ್ಚಾಕ್ ಜನರ ಖಾನ. ಕಪ್ಪು ಸಮುದ್ರದ ಉತ್ತರಕ್ಕಿರುವ ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸುತ್ತ ಗುಡಾರ ಹೂಡಿ ಬದುಕುತ್ತಿದ್ದ ಜನ ಅವರು. ದಿಲ್ಲಿ ಆಳಿದ ಬಲ್ಬನ್, 1260ರಲ್ಲಿ ಐನ್ ಜಾಲೂತ್‌ನಲ್ಲಿ ಮಂಗೋಲರ ವಿರುದ್ಧ ಈಜಿಪ್ಟಿನ ಪರ ಕಾದಿದ ಬೈಬರ್ಸ್, ಇಬ್ಬರೂ ಹುಲ್ಲುಗಾವಲಿನ ತುರ್ಕಿ ಕುಲಗಳಲ್ಲಿ ಹುಟ್ಟಿ, ಗುಲಾಮರಾಗಿ ಮಾರಾಟವಾಗಿ, ಮೇಲೆ ಬಂದವರು. ಕೋಟ್ಯಾನನಿಗೆ ಅಂಥ ಭಾಗ್ಯ ಇರಲಿಲ್ಲ. 1223ರಲ್ಲಿ ಅವನು ರಷ್ಯದ ರಾಜರನ್ನು ಕೂಡಿಕೊಂಡು ಕಾಲ್ಕಾ ನದಿಯ ಬಳಿ ಮಂಗೋಲರನ್ನು ಎದುರಿಸಿ ಸೋತ. 1239ರಲ್ಲಿ ತನ್ನ ಜನರನ್ನು ಕಟ್ಟಿಕೊಂಡು ಹಂಗೇರಿಯ ದೊರೆ ನಾಲ್ಕನೇ ಬೇಲಾನಲ್ಲಿ ಆಶ್ರಯ ಬೇಡಿದ. ದೊರೆ ಕೊಟ್ಟ. ಆದರೆ ಬಂದವರ ಹಿಂಡುಗಳು ಅಲ್ಲಿಯ ರೈತರ ಬೆಳೆ ತುಳಿದವು, ಮೇವು ಮುಗಿಸಿದವು. ಅಸಮಾಧಾನ ಹೊಗೆಯಾಡಿತು. 1241ರಲ್ಲಿ ಮಂಗೋಲರು ಹಂಗೇರಿಯ ಮೇಲೆ ಬಂದಾಗ, ಕೋಟ್ಯಾನನೇ ಅವರ ಗೂಢಚಾರ ಎಂಬ ಗುಲ್ಲು ಹಬ್ಬಿತು. ಪೆಸ್ಟ್ ನಗರದಲ್ಲಿ ಅವನನ್ನು, ಅವನ ಮನೆಯವರನ್ನು ಕೊಂದರು. ಸಿಟ್ಟಿಗೆದ್ದ ಕುಮನ್ ಸವಾರರು ಊರು ಸುಲಿಯುತ್ತ ದಕ್ಷಿಣಕ್ಕೆ ಹೋದರು. ಅವರಿಲ್ಲದೆ ಹಂಗೇರಿ ಅದೇ ವರ್ಷ ಮೋಹಿಯ ಕಾಳಗದಲ್ಲಿ ಮಂಗೋಲರಿಗೆ ಸೋತಿತು.

ಆಟದಲ್ಲಿ ಎಷ್ಟು ಪೆಟ್ಟು ತಿಂದರೂ ಗುಣವಾಗುವ ಈ ಹೀರೋ ನಿಜದಲ್ಲಿ ಸತ್ತದ್ದು ಒಂದು ಸುಳ್ಳು ಸುದ್ದಿಗೆ. ಅದಕ್ಕೂ ಮೊದಲಿನ ಕಾರಣ ಹುಲ್ಲು.

ಇನ್ನು ಹುಡುಗರ ಜಗಳ. ಈ ಆಟದಲ್ಲಿ ನಮ್ಮದೇ ನಕಾಶೆ, ನಮ್ಮದೇ ಕಥೆ ಕಟ್ಟುವ ಸೌಲಭ್ಯವಿದೆ. ಅಳಿಯ, ಅವನ ಇಬ್ಬರು ಗೆಳೆಯರು ಸೇರಿ ಗಜೇಂದ್ರಗಡದ ನಕಾಶೆ ಮಾಡತೊಡಗಿದರು. ಒಬ್ಬ ನೇಕಾರರ ಮನೆಯವನು, ಇನ್ನೊಬ್ಬ ರೋಣದ ಹತ್ತಿರದ ಹಳ್ಳಿಯ ರೈತರ ಹುಡುಗ. ಗುಡ್ಡ, ಕೋಟೆ, ಕಾಲಕಾಲೇಶ್ವರನ ಗುಡಿ, ಮಲಪ್ರಭೆ, ಬೆಣ್ಣೆಹಳ್ಳ ಎಲ್ಲ ಬಂತು. ಹೀರೋ ಯಾರಾಗಬೇಕು ಎಂಬಲ್ಲಿ ತಡೆಯಿತು. ನೇಕಾರರ ಹುಡುಗ ಘೋರ್ಪಡೆ ಎಂದ. ನನ್ನ ಅಳಿಯ ಟಿಪ್ಪು ಎಂದ. ರೈತರ ಹುಡುಗ ನರಗುಂದದ ಬಾಬಾಸಾಹೇಬ ಎಂದ. ಮಾತಿಗೆ ಮಾತು ಬೆಳೆದು 'ನಮ್ಮವ, ನಿಮ್ಮವ' ಬಂತು. ಆಮೇಲೆ ಮೊಬೈಲಿನಲ್ಲಿ ಅವರವರ ಸ್ಟೇಟಸ್ಸಿಗೆ ಅವರವರ ಸವಾರನ ಚಿತ್ರ ಏರಿತು. ಎರಡು ವಾರ ಆ ಇಬ್ಬರು ಹುಡುಗರು ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ.

ಅಕ್ಕ ಫೋನು ಮಾಡಿದಳು. "ಆಟಕ್ಕ ಜಗಳಾಡಿದ್ರ ಸುಮ್ನಿರ್ತಿದ್ದೆ ತಮ್ಮಾ. ಇದು ಆಟದ ಜಗಳ ಕಾಣವಲ್ದು. ಒಮ್ಮೆ ಬಂದು ಹೋಗು."

ಅವಳ ಆತಂಕ ನನಗೆ ಅರ್ಥವಾಯಿತು. ಕುದುರೆಯ ಮೇಲೆ ಕತ್ತಿ ಎತ್ತಿ ಕುಳಿತವನ ಚಿತ್ರಕ್ಕೆ ಇವತ್ತು ನಮ್ಮ ನಾಡಿನಲ್ಲಿ ಏನೇನು ಆಗುತ್ತದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ಕುಟುಂಬಗಳ ತಲೆಮಾರುಗಳ ಒಡನಾಟ ಅದು. ನಾನು ಒಂದು ಭಾನುವಾರ ಹೋಗಿ ಮೂವರನ್ನೂ ಚಹಾಕ್ಕೆ ಕರೆಸಿದೆ. ಯಾರು ದೊಡ್ಡವರು ಎಂಬ ತೀರ್ಪು ಕೊಡಲು ನಾನು ಹೋಗಿರಲಿಲ್ಲ. ಮೂವರ ಬಗ್ಗೆಯೂ ಇದ್ದದ್ದನ್ನು ಹೇಳುವುದಷ್ಟೇ ನನ್ನ ಉದ್ದೇಶವಾಗಿತ್ತು.

ಘೋರ್ಪಡೆ ಎಂದರೆ ಮರಾಠಿಯಲ್ಲಿ ಉಡ. ಗಜೇಂದ್ರಗಡದ ಘೋರ್ಪಡೆಯವರು ಸಂತಾಜಿ ಘೋರ್ಪಡೆಯ ಬಳಗದವರು. 17ನೇ ಶತಮಾನದ ಕೊನೆಗೆ ಔರಂಗಜೇಬನ ಭಾರಿ ಸೇನೆಗಳನ್ನು ತನ್ನ ಹಗುರ ಕುದುರೆಗಳಿಂದ ಕಂಗೆಡಿಸಿದವನು ಸಂತಾಜಿ. ಚಿತ್ರದುರ್ಗದ ಕಡೆಯ ದೊಡ್ಡೇರಿಯಲ್ಲಿ ಅವನು ಮೊಗಲ ದಂಡೊಂದನ್ನು ಕೋಟೆಯೊಳಗೆ ಸಿಕ್ಕಿಸಿ, ಊಟ ಮೇವು ಸಿಗದಂತೆ ಮಾಡಿ ಮಣಿಸಿದ. ಅಂಥವನು 1697ರಲ್ಲಿ ಸತ್ತದ್ದು ಮರಾಠರೊಳಗಿನ ಹಗೆತನದಿಂದ.

ಟಿಪ್ಪುವಿನ ಸರದಾರ ಬುರ್ಹಾನುದ್ದೀನ್ 1785ರಲ್ಲಿ ನರಗುಂದಕ್ಕೆ ಮುತ್ತಿಗೆ ಹಾಕಿದ. ಜಗಳ ಕಪ್ಪಕಾಣಿಕೆಯದು, ಪುಣೆಯ ಕಡೆ ವಾಲಿದ ಒಬ್ಬ ಸಣ್ಣ ಅರಸನದು. ಆದರೆ ಶರಣಾದ ಮೇಲೂ ವೆಂಕಟರಾವ್ ಭಾವೆಯನ್ನು ಸೆರೆಯಾಗಿ ಒಯ್ದದ್ದು ನಡೆದದ್ದೇ. ಅದನ್ನು ಮುಚ್ಚಿಟ್ಟು ನನ್ನ ಅಳಿಯನಿಗೆ ಇತಿಹಾಸ ಹೇಳಲಾರೆ. ಆ ಮುತ್ತಿಗೆಯಿಂದ ಯುದ್ಧ ಬೆಳೆಯಿತು. ಮರುವರ್ಷ ಮರಾಠರೂ ಹೈದರಾಬಾದಿನ ನಿಜಾಮನೂ ಒಂದಾಗಿ ಟಿಪ್ಪುವಿನಿಂದ ಬಾದಾಮಿ ಕಿತ್ತುಕೊಂಡರು. ಗಮನಿಸಿ, ಒಂದು ಕಡೆ ಮುಸ್ಲಿಂ ಸುಲ್ತಾನ, ಇನ್ನೊಂದು ಕಡೆ ಪೇಶ್ವೆಯ ಜೊತೆ ಮುಸ್ಲಿಂ ನಿಜಾಮ. 1787ರಲ್ಲಿ ಒಪ್ಪಂದವಾದದ್ದು ಇದೇ ಗಜೇಂದ್ರಗಡದಲ್ಲಿ. ನರಗುಂದ, ಕಿತ್ತೂರು, ಬಾದಾಮಿ ಮರಾಠರಿಗೆ, ಆದವಾನಿ ನಿಜಾಮನಿಗೆ ಮರಳಿದವು.

ಅದೇ ಭಾವೆ ಮನೆತನದ ಭಾಸ್ಕರರಾವ್, ಅಂದರೆ ಬಾಬಾಸಾಹೇಬ, 1858ರ ಮೇ ಕೊನೆಗೆ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಮೇಲೆ ರಾತ್ರಿ ಎರಗಿ ಅವನನ್ನು ಕೊಂದ. ದತ್ತು ಮಗನಿಗೆ ಹಕ್ಕಿಲ್ಲ ಎಂಬ ಕಂಪನಿಯ ನೀತಿ ಅವನನ್ನು ಅಲ್ಲಿಗೆ ಒಯ್ದಿತ್ತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

"ಹಂಗಾರ ಯಾರ ಹೀರೋ ಮಾಮು?" ಎಂದ ಅಳಿಯ.

"ಅದಕ್ಕಿಂತ ಮೊದಲ ಒಂದು ಲೆಕ್ಕ ಮಾಡೂಣು" ಎಂದೆ.

ನಮ್ಮ ನಾನಾ ಹೇಳುತ್ತಿದ್ದ ಲೆಕ್ಕ ಅದು. ಸಣ್ಣ ಜಾತಿಯ ಕುದುರೆಗೂ ದಿನಕ್ಕೆ ಕಡಿಮೆ ಎಂದರೆ ಆರೇಳು ಕಿಲೋ ಒಣ ಮೇವು ಬೇಕು. ಕೆಲಸ ಮಾಡುವ ಕುದುರೆಗೆ ಹುರುಳಿಯೋ ಕಡಲೆಯೋ ಬೇರೆ. ಇಪ್ಪತ್ತು ಮೂವತ್ತು ಲೀಟರ್ ನೀರು. ಹಳೆಯ ಯುದ್ಧಗಳಲ್ಲಿ 5000 ಕುದುರೆಯ ದಂಡು ದೊಡ್ಡದೇನಲ್ಲ. ಹುಡುಗರು ಮೊಬೈಲಿನಲ್ಲಿ ಗುಣಿಸಿದರು. ದಿನಕ್ಕೆ ಏಳು ಕಿಲೋದಂತೆ 35,000 ಕಿಲೋ ಮೇವು. ಇಪ್ಪತ್ತು ಲೀಟರಿನಂತೆ 1 ಲಕ್ಷ ಲೀಟರ್ ನೀರು. ಅದೂ ಒಂದೇ ದಿನಕ್ಕೆ. ಮರುದಿನ ಮತ್ತೆ ಅಷ್ಟೇ. ರೋಣ ತಾಲೂಕು ಮಳೆ ಕಡಿಮೆ ಇರುವ ನಾಡು. ಬೇಸಗೆಯಲ್ಲಿ ಕೊಡ ನೀರಿಗೆ ಮೈಲು ನಡೆದವರ ನೆನಪು ಪ್ರತಿ ಮನೆಯಲ್ಲಿದೆ. ಅಂಥ ಕಡೆ 5000 ಕುದುರೆ ಒಂದು ರಾತ್ರಿ ತಂಗಿದರೆ ಆ ಊರಿನ ಕೆರೆ, ಬಣವೆ ಏನಾಗಬೇಕು?

ಇದು ಊಹೆಯ ಮಾತಲ್ಲ. ಮರಾಠರ ಕಾಲದಲ್ಲಿ 'ಘಾಸದಾಣಾ' ಎಂಬ ಹೆಸರಿನ ಒಂದು ವಸೂಲಿಯೇ ಇತ್ತು. ಘಾಸ ಎಂದರೆ ಹುಲ್ಲು, ದಾಣಾ ಎಂದರೆ ಕಾಳು. ಕುದುರೆ ದಂಡು ಬಂದ ಸೀಮೆಯವರು ಅದರ ಹೊಟ್ಟೆಗಾಗಿ ತೆರಬೇಕಾದ ತೆರಿಗೆ. ಟಿಪ್ಪುವಿನ ದಂಡೂ, ನಿಜಾಮನ ದಂಡೂ ಗಾಳಿ ಕುಡಿದು ಬದುಕಲಿಲ್ಲ. ಹೆಸರು ಬೇರೆ ಇದ್ದೀತು, ಬಣವೆ ಖಾಲಿಯಾಗುವ ರೀತಿ ಒಂದೇ.

ಸವಾರನ ಪಾಡೂ ಸುಲಭವಿರಲಿಲ್ಲ. ಒಳ್ಳೆಯ ಅರಬಿ ಕುದುರೆ ಸಮುದ್ರ ದಾಟಿ ಬರಬೇಕು. ವಿಜಯನಗರದ ಕಾಲದಿಂದಲೂ ಭಟ್ಕಳ, ಗೋವೆಯ ಬಂದರುಗಳಲ್ಲಿ ಅವು ಇಳಿಯುತ್ತಿದ್ದವು, ದುಡ್ಡಿದ್ದವರ ಪಾಲಾಗುತ್ತಿದ್ದವು. ಸಾಮಾನ್ಯ ಸವಾರನಿಗೆ ಸಿಗುತ್ತಿದ್ದದ್ದು ಭೀಮಾ ತೀರದ ಭೀಮಥಡಿ ತಟ್ಟು. ಗಿಡ್ಡ ಕುದುರೆ, ಗಟ್ಟಿ ಕಾಲು, ಸಿಕ್ಕದ್ದು ತಿಂದು ಬದುಕುವ ಜೀವ. ಶಿಲೇದಾರನಿಗೆ ಆ ಕುದುರೆಯೇ ಹೊಲ, ಅದೇ ಬಂಡವಾಳ. ಅದು ಸತ್ತರೆ ಅವನ ನೌಕರಿಯೂ ಸತ್ತಂತೆ. ಆದ್ದರಿಂದ ಅನೇಕ ಶಿಲೇದಾರರು ಎದುರಾ ಎದುರು ನುಗ್ಗಿ ಕಾದುವುದಕ್ಕಿಂತ ಸುತ್ತು ಹಾಕಿ, ಸುಲಿಗೆ ಮಾಡಿ, ಕುದುರೆ ಉಳಿಸಿಕೊಂಡು ಮನೆ ಸೇರಲು ನೋಡುತ್ತಿದ್ದರು. ಇದನ್ನು ಹೇಡಿತನ ಎನ್ನುವವರು ಟಾಂಗಾ ಓಡಿಸಿ ಬದುಕಿದವರನ್ನು ಕೇಳಬೇಕು. 1972ರ ಬರದಲ್ಲಿ ಮೇವು ಕೊಳ್ಳಲಾಗದೆ ಕುದುರೆ ಕಳೆದುಕೊಂಡವರೊಬ್ಬರು ನಮ್ಮ ನಾನಾನ ಹತ್ತಿರ ಬಂದು, ಉಳಿದ ನಾಲು ನಾಲ್ಕನ್ನು ಮಾರಲು ಕೇಳಿದ್ದನ್ನು ನಮ್ಮಮ್ಮ ಹೇಳುತ್ತಿದ್ದಳು. ನಾನಾ ದುಡ್ಡು ಕೊಟ್ಟರಂತೆ, ನಾಲು ತೆಗೆದುಕೊಳ್ಳಲಿಲ್ಲವಂತೆ.

ಆ ಮೇಲೆ ನಾನು ಹುಡುಗರಿಗೆ ಧೋಂಡಿಯಾ ವಾಘನ ಕಥೆ ಹೇಳಿದೆ. ಹುಲ್ಲುಗಾವಲಿನ ಖಾನನಿಗೆ ನಮ್ಮ ಸೀಮೆಯಲ್ಲಿ ಯಾರಾದರೂ ಹತ್ತಿರದವನಿದ್ದರೆ ಅದು ಅವನೇ. ಅವನಿಗೆ ಸ್ವಂತ ರಾಜ್ಯ ಇರಲಿಲ್ಲ, ಅರಮನೆ ಇರಲಿಲ್ಲ. ಕುದುರೆಯ ಬೆನ್ನೇ ರಾಜ್ಯ.

ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿದ ಧೋಂಡಿಯಾ ಹೈದರಾಲಿಯ ದಂಡಿನಲ್ಲಿ ಸವಾರನಾಗಿದ್ದ. 1792ರ ನಂತರ ಧಾರವಾಡ ಸೀಮೆಯಲ್ಲಿ ತನ್ನದೇ ತಂಡ ಕಟ್ಟಿ ಸುಲಿಗೆಗಿಳಿದ. ಮರಾಠರು ಬೆನ್ನಟ್ಟಿದಾಗ ಟಿಪ್ಪುವಿನ ಆಶ್ರಯಕ್ಕೆ ಹೋದ. ಅಲ್ಲಿ ಅವನ ಮತ ಬದಲಾಯಿತು, ಸ್ವಲ್ಪ ಕಾಲದಲ್ಲೇ ಶ್ರೀರಂಗಪಟ್ಟಣದ ಸೆರೆಮನೆಯೂ ಸಿಕ್ಕಿತು. 1799ರ ಮೇ 4ರಂದು ಪಟ್ಟಣ ಬಿದ್ದಾಗ ಬಾಗಿಲು ತೆರೆದು ಹೊರಬಂದ. ಅದೇ ಹೊತ್ತಿಗೆ ಟಿಪ್ಪುವಿನ ಸಾವಿರಾರು ಸವಾರರು ಕೆಲಸ ಕಳೆದುಕೊಂಡಿದ್ದರು. ಸಂಬಳ ನಿಂತರೂ ಕುದುರೆಯ ಹೊಟ್ಟೆ ನಿಲ್ಲುವುದಿಲ್ಲವಲ್ಲ! ಅಂಥವರು ಧೋಂಡಿಯಾನ ಹಿಂದೆ ಬಂದರು. ಅವನು 'ಉಭಯಲೋಕಾಧೀಶ್ವರ', ಅಂದರೆ ಎರಡೂ ಲೋಕದ ಒಡೆಯ ಎಂದು ಬಿರುದು ಇಟ್ಟುಕೊಂಡ. 1800ರ ಜೂನ್‌ನಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕಿತ್ತೂರಿನ ಕಡೆ ಕೊಂದ.

ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ ಅವನು ರಾಣೆಬೆನ್ನೂರು, ಕುಂದಗೋಳ ಹಿಡಿದು, ಜುಲೈ 26ರಂದು ಡಂಬಳದ ಕೋಟೆ ಹತ್ತಿದ. ನಾಲ್ಕು ದಿನಕ್ಕೆ, ಜುಲೈ 30ರಂದು, ಮುನವಳ್ಳಿಯ ಬಳಿ ಮಲಪ್ರಭೆಯ ದಡದಲ್ಲಿ ಧೋಂಡಿಯಾನ ಪಾಳೆಯದ ಒಂದು ಭಾಗದ ಮೇಲೆ ಬಿದ್ದ. ಪ್ರಾಣ ಉಳಿಸಿಕೊಳ್ಳಲು ತುಂಬಿದ ಹೊಳೆಗೆ ಹಾರಿದವರು ಅನೇಕರು ಮುಳುಗಿದರು.

ಧೋಂಡಿಯಾನ ಬಲ ವೇಗ. ವೆಲ್ಲೆಸ್ಲಿಯ ಬಲ ಎತ್ತು. ಆ ಯುದ್ಧದ ದಿನಗಳಲ್ಲಿ ಅವನು ಬರೆದ ಪತ್ರಗಳ ತುಂಬ ಅಕ್ಕಿ ಎಷ್ಟು ಇದೆ, ಎತ್ತು ಎಷ್ಟು ಇವೆ, ಹೊಳೆ ಯಾವಾಗ ಇಳಿಯುತ್ತದೆ ಎಂಬ ಚಿಂತೆಯೇ. ಕಾಳು ಹೊತ್ತ ಎತ್ತುಗಳ ಸಾಲು ಹೊಡೆದುಕೊಂಡು ದಂಡಿನ ಹಿಂದೆ ಹೋಗುತ್ತಿದ್ದ ಬಂಜಾರರು ಇಲ್ಲದಿದ್ದರೆ ಅವನ ಸೈನ್ಯ ಒಂದು ವಾರವೂ ನಡೆಯುತ್ತಿರಲಿಲ್ಲ. ಗಜೇಂದ್ರಗಡದ ಸುತ್ತಲಿನ ತಾಂಡಾಗಳವರ ಹಿರಿಯರು ಇದೇ ಕಸುಬಿನವರು. ಹೊಳೆ ದಾಟಲು ಚರ್ಮ ಹೊದಿಸಿದ ಹರಿಗೋಲುಗಳನ್ನು ಅವನು ಮೊದಲೇ ಮಾಡಿಸಿದ್ದ. ಆಟದಲ್ಲಿ ಈ ಯಾವುದೂ ಇಲ್ಲ. ಹೀರೋ ಇದ್ದಾನೆ, ಎತ್ತು ಇಲ್ಲ.

ಆಗಸ್ಟ್ ಕೊನೆಗೆ ಮಲಪ್ರಭೆ ಇಳಿದಾಗ ಧೋಂಡಿಯಾ ಹೊಳೆ ದಾಟಿ ಪೂರ್ವಕ್ಕೆ ಓಡಿದ. ವೆಲ್ಲೆಸ್ಲಿ ಜಾಲಿಹಾಳದ ಬಳಿ ದಾಟಿ, ಸೆಪ್ಟೆಂಬರ್ ಮೊದಲ ವಾರ ಗಜೇಂದ್ರಗಡಕ್ಕೆ ಹತ್ತಿರದ ಹನಮಸಾಗರಕ್ಕೆ ಬಂದ. ಅಲ್ಲಿಂದ ಕನಕಗಿರಿ. ಇನ್ನೊಂದು ಬದಿಯಲ್ಲಿ ಕರ್ನಲ್ ಸ್ಟೀವನ್ಸನ್, ನಡುವೆ ನಿಜಾಮನ ಸವಾರರು, ಮರಾಠರ ಸವಾರರು. ಹಿಂದೂ ಮುಸ್ಲಿಂ ಇಬ್ಬರೂ ಅಟ್ಟುವವರಲ್ಲಿದ್ದರು, ಇಬ್ಬರೂ ಓಡುವವರಲ್ಲಿದ್ದರು. ಸೆಪ್ಟೆಂಬರ್ 10ರ ಬೆಳಿಗ್ಗೆ ರಾಯಚೂರು ಸೀಮೆಯ ಕೋಣಗಲ್ ಎಂಬಲ್ಲಿ ಸುಮಾರು 5000 ಸವಾರರೊಡನೆ ಧೋಂಡಿಯಾ ಎದುರು ಸಿಕ್ಕ. ವೆಲ್ಲೆಸ್ಲಿಯ ಕೈಯಲ್ಲಿ ನಾಲ್ಕೇ ರೆಜಿಮೆಂಟು ಕುದುರೆ. ಒಂದೇ ಸಾಲಿನಲ್ಲಿ ನುಗ್ಗಿಸಿದ. ಎರಡೂ ಲೋಕದ ಒಡೆಯ ಆ ದಿನ ಸತ್ತ.

ಅವನ ಸಾಮಾನಿನ ನಡುವೆ ನಾಲ್ಕು ವರ್ಷದ ಒಂದು ಹುಡುಗ ಸಿಕ್ಕ. ಹೆಸರು ಸಲಾಬತ್ ಖಾನ್, ಧೋಂಡಿಯಾನ ಸಾಕುಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಒಯ್ದ, 1805ರಲ್ಲಿ ತಾನು ಇಂಗ್ಲೆಂಡಿಗೆ ಮರಳುವಾಗ ಅವನ ಪಾಲನೆಗೆಂದು ಹಣ ಇಟ್ಟುಹೋದ. ದೊಡ್ಡವನಾದ ಮೇಲೆ ಹುಡುಗ ಮೈಸೂರು ಅರಸರ ಸೇವೆಗೆ ಸೇರಿದ. 1822ರಲ್ಲಿ ಕಾಲರಾದಿಂದ ಸತ್ತ.

ಕಥೆ ಮುಗಿದಾಗ ಹುಡುಗರು ಸ್ವಲ್ಪ ಹೊತ್ತು ಸುಮ್ಮನಿದ್ದರು. ರೈತರ ಹುಡುಗ ಕೇಳಿದ, "ಧೋಂಡಿಯಾ ಒಳ್ಳೆಯವನೋ ಕೆಟ್ಟವನೋ ಸರ್?" ಅವನಿಂದ ಮನೆ ಕಳೆದುಕೊಂಡ ಹಳ್ಳಿಯವನು ಒಂದು ಹೇಳಿಯಾನು, ಕೆಲಸ ಹೋದ ಮೇಲೆ ಅವನಿಂದ ಅನ್ನ ಕಂಡ ಸವಾರ ಇನ್ನೊಂದು ಹೇಳಿಯಾನು, ಆ ನಾಲ್ಕು ವರ್ಷದ ಹುಡುಗ ಮತ್ತೊಂದು ಹೇಳಿಯಾನು. ನನಗೆ ತಿಳಿದ ಉತ್ತರ ಇಷ್ಟೇ.

ಪವಿತ್ರ ಕುರ್‌ಆನಿನ ನೂರನೇ ಅಧ್ಯಾಯಕ್ಕೆ ಓಡುವ ಕುದುರೆಗಳ ಹೆಸರೇ ಇದೆ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಅದನ್ನು ಬಾಯಿಪಾಠ ಮಾಡಿದವರಿಗೆ ಕಿಡಿ ಹಾರಿಸುವ ಗೊರಸು, ನಸುಕಿನ ದಾಳಿ, ಏಳುವ ಧೂಳು ನೆನಪಿರುತ್ತದೆ. ಅದರ ಮುಂದಿನ ಮಾತು ಕುದುರೆಯ ಬಗ್ಗೆ ಅಲ್ಲ, ಮನುಷ್ಯನ ಬಗ್ಗೆ. ಅವನ ಕೃತಘ್ನತೆ, ಸಂಪತ್ತಿನ ಮೇಲಿನ ಅವನ ಅತಿಮೋಹ, ಎದೆಯೊಳಗಿದ್ದದ್ದು ಹೊರಬೀಳುವ ದಿನ. ಸವಾರನನ್ನು ಮೆಚ್ಚಿ ನಿಂತುಬಿಡುವ ನಮಗೆ ಆ ಎರಡನೇ ಭಾಗವೇ ಹೆಚ್ಚು ಬೇಕಾದದ್ದು ಎಂದು ಈಗ ಅನಿಸುತ್ತದೆ.

ಹಾಗೆಂದು ನಾನು ಮಕ್ಕಳಿಗೆ ಹೀರೋ ಬೇಡ ಎನ್ನುವವನಲ್ಲ. ಹದಿನೈದರ ವಯಸ್ಸಿನಲ್ಲಿ ಎತ್ತರದ ಒಬ್ಬ ವ್ಯಕ್ತಿ ಕಣ್ಣ ಮುಂದೆ ಬೇಕು. ನನ್ನ ಕಳವಳ ಬೇರೆ. ಆಟದ ಹೀರೋಗೆ ಮೇವು ಬೇಡ, ದಣಿವಿಲ್ಲ, ಗಾಯ ತಾನೇ ಮಾಯುತ್ತದೆ. ಅಂಥವನನ್ನು ಪರದೆಯ ಮೇಲೆ ನೋಡಿ ರೂಢಿಯಾದ ಕಣ್ಣು, ಇತಿಹಾಸದ ಸವಾರನನ್ನೂ ಹಾಗೆಯೇ ನೋಡುತ್ತದೆ. ಅವನ ಕುದುರೆ ಯಾರ ಹೊಲ ಮೇಯಿತು ಎಂದು ಕೇಳುವುದಿಲ್ಲ. ಕೇಳದೆ ಹೋದರೆ ಹೊಲದವನು ಕಥೆಯಿಂದ ಮಾಯವಾಗುತ್ತಾನೆ. ಆಗ ಉಳಿಯುವುದು ಎರಡು ಸ್ಟೇಟಸ್ಸು, ಎರಡು ಸವಾರ, 'ನಮ್ಮವ ನಿಮ್ಮವ' ಅಷ್ಟೇ. ನಮ್ಮ ಈ ಮೂರೂ ಊರಿನ ಬಹುಪಾಲು ಜನರ ಹಿರಿಯರು ಸವಾರರಲ್ಲ. ಬಣವೆ ಕಳೆದುಕೊಂಡವರು, ನಾಲು ಬಡಿದವರು, ಎತ್ತು ಹೊಡೆದವರು. ಅವರ ವಾರಸುದಾರರು ಇವತ್ತು ಕುದುರೆಯ ಮೇಲಿನವನಿಗಾಗಿ ಜಗಳಾಡುವುದು ವಿಚಿತ್ರವಲ್ಲವೇ?

ಮೂವರೂ ಮತ್ತೆ ನಕಾಶೆಗೆ ಕೂತರು ಎಂದು ಅಕ್ಕ ಮುಂದಿನ ವಾರ ತಿಳಿಸಿದಳು. ಹೀರೋಗೆ ಹೆಸರು ಇಡುವುದನ್ನು ಸದ್ಯಕ್ಕೆ ಮುಂದೂಡಿದ್ದರಂತೆ. ಈ ನಡುವೆ ಅಳಿಯ ಒಂದು ಉಪಾಯ ಕಂಡುಹಿಡಿದಿದ್ದ. ಆಟದ ಒಳಗೇ ಒಂದು ಕಟ್ಟಳೆ ಬರೆದು, ಇಂತಿಷ್ಟು ಹೊತ್ತಿಗೆ ಹೀರೋನ ಜೀವ ಸ್ವಲ್ಪ ಸ್ವಲ್ಪ ಇಳಿಯುವಂತೆ ಮಾಡಿದ್ದ. ಗೊತ್ತು ಮಾಡಿದ ಹೊಲಕ್ಕೆ ಕರೆದೊಯ್ದು ನಿಲ್ಲಿಸಿದರೆ ಮಾತ್ರ ಇಳಿತ ನಿಲ್ಲುತ್ತದೆ. ಅಂದರೆ ಅವರ ಹೀರೋನ ಕುದುರೆಗೆ ಈಗ ಹಸಿವಾಗುತ್ತದೆ.

ಮೊದಲ ಮೂರು ಸಲ ಆ ಸವಾರ ಮಲಪ್ರಭೆಯಿಂದ ಗಜೇಂದ್ರಗಡ ಮುಟ್ಟುವ ಮೊದಲೇ ದಾರಿಯಲ್ಲಿ ಸತ್ತನಂತೆ. ಆಗ ನಡುವೆ ಇನ್ನೊಂದು ಹೊಲ ಇಡಬೇಕು ಎಂದು ನೇಕಾರರ ಹುಡುಗ ಹೇಳಿದ. ರೋಣದ ಹತ್ತಿರ ಜಾಗ ನೋಡಿ ಅಳಿಯ ಹೊಲ ಇಟ್ಟ. ರೈತರ ಹುಡುಗ ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಕೇಳಿದನಂತೆ:

"ಅಲ್ಲೋ, ಆ ಹೊಲ ಯಾರದು? ಅವಗ ರೊಕ್ಕ ಯಾರ ಕೊಡವ್ರು?"